ಮೆಚ್ಚಿದವರಿಗೆ ಇನ್ನೊಂದು ಸೌಟು: ಆನ್‌ಲೈನ್‌ನಲ್ಲಿ ಚಿತ್ರ ಹಾಕುವವರು ಥ್ಯಾಂಕ್ಸ್ ಹೇಳುವ ಬಗೆ

ಕೆಲವು ವರ್ಷಗಳ ಹಿಂದಿನ ಒಂದು ಭಾನುವಾರ. ಚಿತ್ರಕಾರರು ತಮ್ಮ ಚಿತ್ರ ಹಾಕುವ ತಾಣವಾದ ಡೀವಿಯಂಟ್‌ಆರ್ಟ್‌ನಲ್ಲಿ ನಾನು ಹಾಕಿದ್ದ ಚಿತ್ರವೊಂದನ್ನು ಒಂದೇ ದಿನದಲ್ಲಿ ನಲವತ್ತಕ್ಕೂ ಹೆಚ್ಚು ಜನ ಫೇವರಿಟ್ ಮಾಡಿದ್ದರು, ಅಂದರೆ ಮೆಚ್ಚಿದ ಗುರುತು ಒತ್ತಿದ್ದರು. ಅಲ್ಲಿಯವರೆಗೆ ನನ್ನ ಯಾವ ಚಿತ್ರವೂ ಐದಾರು ದಾಟಿರಲಿಲ್ಲ. ಖುಷಿ ತಡೆಯಲಾಗಲಿಲ್ಲ. ಒಬ್ಬೊಬ್ಬರ ಪುಟಕ್ಕೂ ಹೋಗಿ, ‘ಫೇವ್ ಮಾಡಿದ್ದಕ್ಕೆ ಥ್ಯಾಂಕ್ಸ್’ ಅನ್ನುವ ಒಂದೇ ಸಾಲನ್ನು ಇಂಗ್ಲಿಷಿನಲ್ಲಿ ಅಂಟಿಸುತ್ತಾ ಹೋದೆ. ಎರಡು ಗಂಟೆ ಹಿಡಿಯಿತು.

ಸಂಜೆ ಒಬ್ಬರಿಂದ ಉತ್ತರ ಬಂತು. ‘ನಿಮ್ಮ ಚಿತ್ರ ನಿಜಕ್ಕೂ ಇಷ್ಟವಾಯಿತು. ಆದರೆ ದಯವಿಟ್ಟು ನನ್ನ ಪುಟದಲ್ಲಿ ಈ ಸಾಲು ಹಾಕಬೇಡಿ.’ ಯಾಕಪ್ಪಾ ಹೀಗೆ ಅಂತ ಅವರ ಪುಟವನ್ನು ಸರಿಯಾಗಿ ನೋಡಿದೆ. ನನ್ನಂಥವರೇ ಇಪ್ಪತ್ತು ಮೂವತ್ತು ಜನ ಒಂದರ ಕೆಳಗೆ ಒಂದರಂತೆ ಅದೇ ಸಾಲು ಹಾಕಿದ್ದರು. ಅವುಗಳ ನಡುವೆ ಎಲ್ಲೋ ಅವರ ಗೆಳತಿ ಬರೆದ ನಾಲ್ಕು ಸಾಲು ಹೂತುಹೋಗಿತ್ತು. ಅವರು ಸಾಕಿದ್ದ ನಾಯಿ ಆ ವಾರ ಸತ್ತಿತ್ತಂತೆ. ಗೆಳತಿ ಸಮಾಧಾನ ಹೇಳಿದ್ದಳು. ನಾನು ಅಂಟಿಸಿದ ಸಾಲು ಆ ಮಾತಿನ ತಲೆಯ ಮೇಲೆ ಕೂತಿತ್ತು. ಅದನ್ನು ನೋಡಿ ಬಹಳ ಬೇಜಾರಾಯಿತು.

ಅವತ್ತಿನಿಂದ ಈ ವಿಷಯವನ್ನು ಗಮನಿಸುತ್ತಾ ಬಂದಿದ್ದೇನೆ. ಚಿತ್ರ ಬಿಡಿಸುವುದನ್ನು ಕಲಿಸುವ ವಿಡಿಯೋಗಳು ಬೇಕಾದಷ್ಟಿವೆ. ಚಿತ್ರ ಮೆಚ್ಚಿದವರ ಜೊತೆ ಹೇಗೆ ನಡೆದುಕೊಳ್ಳಬೇಕು ಅಂತ ಯಾರೂ ಹೇಳಿಕೊಡುವುದಿಲ್ಲ. ಹೊಸದಾಗಿ ಚಿತ್ರ ಹಾಕಲು ಶುರು ಮಾಡಿರುವ ಹುಡುಗ ಹುಡುಗಿಯರು ಇಲ್ಲೇ ಎಡವುವುದನ್ನು ನೋಡುತ್ತಿರುತ್ತೇನೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ ಜಾಗದ ರೂಢಿ ತಿಳಿದುಕೊಳ್ಳಿ

ಹೊಸ ಊರಿಗೆ ಹೋದರೆ ಚಪ್ಪಲಿ ಎಲ್ಲಿ ಬಿಡಬೇಕು ಅಂತ ಮೊದಲು ನೋಡುತ್ತೇವೆ, ಅಲ್ವಾ? ಇಲ್ಲೂ ಹಾಗೆಯೇ. ಒಂದೊಂದು ತಾಣದ ರೂಢಿ ಒಂದೊಂದು ಥರ.

ಡೀವಿಯಂಟ್‌ಆರ್ಟ್ ಹಳೆಯದು. 2000ದ ಆಗಸ್ಟ್‌ನಲ್ಲಿ ಶುರುವಾಯಿತು. ಅಲ್ಲಿ ಮೊದಲಿನಿಂದಲೂ ಒಬ್ಬೊಬ್ಬರ ಪುಟವೂ ಒಂದೊಂದು ಮನೆ ಇದ್ದ ಹಾಗೆ. ಯಾರಾದರೂ ನಿಮ್ಮ ಚಿತ್ರವನ್ನು ಫೇವ್ ಮಾಡಿದರೆ, ನಿಮ್ಮನ್ನು ವಾಚ್ (ಅಲ್ಲಿ ಫಾಲೋಗೆ ಇರುವ ಹೆಸರು) ಮಾಡಲು ಶುರು ಮಾಡಿದರೆ, ಅವರ ಪುಟಕ್ಕೇ ಹೋಗಿ ಥ್ಯಾಂಕ್ಸ್ ಬರೆದು ಬರುವುದು ಅಲ್ಲಿ ಹುಟ್ಟಿದ ಪದ್ಧತಿ. ಜನ ಕಡಿಮೆ ಇದ್ದಾಗ ಅದು ಚೆನ್ನಾಗಿಯೇ ಇತ್ತು. ಜನ ಜಾಸ್ತಿಯಾದ ಮೇಲೆ ಕಿರಿಕಿರಿಯಾಯಿತು. ಈಗ ಎಷ್ಟೋ ಜನ ‘ಫೇವ್‌ಗೆ ಥ್ಯಾಂಕ್ಸ್ ಹೇಳುವ ಅಗತ್ಯವಿಲ್ಲ’ ಅಂತ ತಮ್ಮ ಪುಟದಲ್ಲೇ ಬರೆದುಕೊಂಡಿರುತ್ತಾರೆ. ಏನನ್ನಾದರೂ ಬರೆಯುವ ಮೊದಲು ಆ ಸಾಲು ಇದೆಯಾ ಅಂತ ನೋಡಿ. ಹಾಗೆಯೇ, ಪ್ರತಿಯೊಂದು ಫೇವ್‌ಗೂ ಉತ್ತರ ಬಂದರೆ ಸಂತೋಷಪಡುವವರೂ ಇದ್ದಾರೆ. ಅದೂ ಅವರ ಪುಟ ನೋಡಿದರೆ ಗೊತ್ತಾಗುತ್ತದೆ.

ಜಪಾನಿನ ಚಿತ್ರಗಳ ತಾಣ ಪಿಕ್ಸಿವ್ ಶುರುವಾಗಿದ್ದು 2007ರಲ್ಲಿ. ಅಲ್ಲಿನ ಸಂಕೋಚವೇ ಬೇರೆ. ಚಿತ್ರವನ್ನು ಬುಕ್‌ಮಾರ್ಕ್ ಮಾಡುವಾಗ ಬೇರೆಯವರಿಗೆ ಕಾಣದ ಹಾಗೆಯೂ ಇಟ್ಟುಕೊಳ್ಳಬಹುದು. ಸದ್ದಿಲ್ಲದೆ ನೋಡಿ ಸದ್ದಿಲ್ಲದೆ ಹೋಗುವ ಹಕ್ಕನ್ನು ಆ ತಾಣ ನೋಡುಗರಿಗೆ ಕೊಟ್ಟಿದೆ. ಜಪಾನಿ ಚಿತ್ರಕಾರರ ನಡುವೆ ‘ಮುಗೊನ್ ಫಾಲೋ’ ಅಂತ ಒಂದು ಮಾತೇ ಇದೆ. ಒಂದು ಮಾತೂ ಹೇಳದೆ ಫಾಲೋ ಮಾಡುವುದು ಅಂತ ಅದರ ಅರ್ಥ. ಹಾಗೆ ಮಾಡಿದ್ದಕ್ಕೆ ‘ತಪ್ಪಾಯಿತು’ ಅಂತ ಕ್ಷಮೆ ಕೇಳುವವರಿದ್ದಾರೆ. ಅವರಿಗೆ ಆ ಸಂಕೋಚ ಬೇಡ ಅಂತ ‘ಮುಗೊನ್ ಫಾಲೋಗೆ ಸ್ವಾಗತ’ ಎಂದು ತಮ್ಮ ಪರಿಚಯದಲ್ಲೇ ಬರೆದಿಡುವ ಚಿತ್ರಕಾರರೂ ಇದ್ದಾರೆ. ಈ ಎರಡನೇ ಮಾತು ನನಗೆ ತುಂಬಾ ಇಷ್ಟ. ನೀವು ಸುಮ್ಮನೆ ಬಂದು ನೋಡಿಕೊಂಡು ಹೋಗಬಹುದು, ನಿಮ್ಮ ಮೇಲೆ ಏನೂ ಋಣ ಇಲ್ಲ ಅಂತ ಮೊದಲೇ ಹೇಳಿಬಿಡುವುದು ಕೂಡ ಒಂದು ದೊಡ್ಡ ಥ್ಯಾಂಕ್ಸ್.

ಇನ್‌ಸ್ಟಾಗ್ರಾಮ್ ನಮಗೆಲ್ಲ ಗೊತ್ತಿರುವುದೇ. ಅಲ್ಲಿ ಲೈಕ್‌ಗೆ ಯಾರೂ ಥ್ಯಾಂಕ್ಸ್ ನಿರೀಕ್ಷಿಸುವುದಿಲ್ಲ. ಒಂದೇ ಮಾತನ್ನು ಮತ್ತೆ ಮತ್ತೆ ಹಲವರಿಗೆ ಅಂಟಿಸುತ್ತಾ ಹೋದರೆ ಸ್ಪ್ಯಾಮ್ ಅಂತ ತಿಳಿದು ನಿಮ್ಮ ಖಾತೆಯನ್ನು ಸ್ವಲ್ಪ ಹೊತ್ತು ತಡೆದುಬಿಡುವುದೂ ಉಂಟು. ಆರ್ಟ್‌ಸ್ಟೇಷನ್ ಅನ್ನುವ ಇನ್ನೊಂದು ತಾಣದಲ್ಲಿ ಗೇಮ್ ಮತ್ತು ಸಿನಿಮಾ ಕೆಲಸದವರು ಜಾಸ್ತಿ. ಅಲ್ಲಿ ಮಾತು ಚಿಕ್ಕದಾಗಿದ್ದಷ್ಟೂ ಒಳ್ಳೆಯದು.

ಒಂದು ಕ್ಲಿಕ್‌ಗೆ ಎಷ್ಟು ಉತ್ತರ?

ಬೆಂಗಳೂರಿನ ಚಿತ್ರಸಂತೆಗೆ ಹೋದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಪ್ರತಿ ವರ್ಷ ಜನವರಿಯ ಒಂದು ಭಾನುವಾರ ಚಿತ್ರಕಲಾ ಪರಿಷತ್ತಿನ ಮುಂದಿನ ಕುಮಾರಕೃಪ ರಸ್ತೆ ಪೂರ್ತಿ ಚಿತ್ರಗಳಿಂದ ತುಂಬಿರುತ್ತದೆ. ರಸ್ತೆಯ ಎರಡೂ ಕಡೆ ಚಿತ್ರಕಾರರು ಕೂತಿರುತ್ತಾರೆ. ನಡೆದುಕೊಂಡು ಹೋಗುವವರು ಒಂದು ಕ್ಷಣ ನಿಂತು, ಚಿತ್ರ ನೋಡಿ, ಮುಗುಳ್ನಕ್ಕು ಮುಂದೆ ಹೋಗುತ್ತಾರೆ. ಚಿತ್ರಕಾರರೂ ಮುಗುಳ್ನಗುತ್ತಾರೆ. ಅಷ್ಟೇ. ಅವರ ಹಿಂದೆ ಶಿವಾನಂದ ಸರ್ಕಲ್‌ವರೆಗೆ ಓಡಿಹೋಗಿ ‘ನೋಡಿದ್ದಕ್ಕೆ ಧನ್ಯವಾದ’ ಅಂತ ಯಾರೂ ಹೇಳುವುದಿಲ್ಲ. ನಿಂತು ಮಾತಾಡಿಸಿದವರ ಜೊತೆ ಮಾತಾಡುತ್ತಾರೆ. ಕೊಂಡವರಿಗೆ ಎದ್ದು ನಿಂತು, ಚಿತ್ರವನ್ನು ಸುತ್ತಿ, ಕೈಗೆ ಕೊಡುತ್ತಾರೆ.

ಆನ್‌ಲೈನ್‌ನಲ್ಲೂ ಇದೇ ಅಳತೆ ಸಾಕು. ಲೈಕ್, ಫೇವ್, ಬುಕ್‌ಮಾರ್ಕ್ ಇವೆಲ್ಲ ಆ ಮುಗುಳ್ನಗು. ಅವಕ್ಕೆ ಒಬ್ಬೊಬ್ಬರನ್ನೇ ಹುಡುಕಿಕೊಂಡು ಹೋಗಬೇಡಿ. ಚಿತ್ರದ ವಿವರಣೆಯ ಕೊನೆಯಲ್ಲಿ ಒಂದು ಸಾಲು ಬರೆದಿಡಿ: ‘ನೋಡಿದವರಿಗೆ, ಮೆಚ್ಚಿದವರಿಗೆ ತುಂಬಾ ಥ್ಯಾಂಕ್ಸ್. ನಿಮ್ಮ ಹೆಸರುಗಳನ್ನು ನೋಡುತ್ತಿರುತ್ತೇನೆ.’ ಈ ಕೊನೆಯ ಮಾತು ನಿಜವಾಗಿರಲಿ. ವಾರಕ್ಕೊಮ್ಮೆ ಯಾರು ಯಾರು ಮೆಚ್ಚಿದ್ದಾರೆ ಅಂತ ನಿಜವಾಗಿಯೂ ನೋಡಿ.

ಹಾಗೆ ನೋಡುವಾಗ ಒಂದು ಹೆಸರು ಮತ್ತೆ ಮತ್ತೆ ಕಾಣಿಸುತ್ತದೆ. ಒಂದು ಮಾತೂ ಬರೆಯದೆ ನಿಮ್ಮ ಹತ್ತು ಚಿತ್ರಗಳನ್ನೂ ಮೆಚ್ಚಿರುತ್ತಾರೆ. ಅಂಥವರ ಪುಟಕ್ಕೆ ಖಂಡಿತ ಹೋಗಿ. ಅವರೂ ಚಿತ್ರ ಬಿಡಿಸುವವರಾಗಿದ್ದರೆ ಅವರ ಒಂದು ಚಿತ್ರವನ್ನು ನಿಧಾನವಾಗಿ ನೋಡಿ, ನಿಮಗೆ ಹಿಡಿಸಿದ್ದರ ಬಗ್ಗೆ ಎರಡು ಸಾಲು ಬರೆಯಿರಿ. ನಿಮ್ಮ ಚಿತ್ರದ ಸುದ್ದಿ ಅಲ್ಲಿ ಎತ್ತಲೇಬೇಡಿ. ಅವರಿಗೆ ನೀವು ಯಾಕೆ ಬಂದಿರಿ ಅಂತ ಗೊತ್ತಾಗುತ್ತದೆ.

ಒಂದು ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ‘ನೀವು ಫಾಲೋ ಮಾಡಿದಿರಿ, ನಾನೂ ಮಾಡಿದೆ’, ‘ನಾನು ಲೈಕ್ ಮಾಡಿದೆ, ನೀವೂ ಮಾಡಿ’ ಅನ್ನುವ ಲೆಕ್ಕಾಚಾರ ಬೇಡ. ಇದು ಮದುವೆ ಮನೆಯ ಮುಯ್ಯಿ ಇದ್ದ ಹಾಗೆ. ಅವರು ನಮ್ಮ ಮನೆಗೆ ಎಷ್ಟು ಓದಿಸಿದ್ದರು ಅಂತ ಪುಸ್ತಕ ತೆಗೆದು ನೋಡಿ ಅಷ್ಟೇ ತಿರುಗಿ ಓದಿಸುವುದು. ಮದುವೆಗೆ ಅದು ಸರಿ. ಮನೆ ನಡೆಸುವವರ ಕಷ್ಟಕ್ಕೆ ಆಗುವ ಪದ್ಧತಿ ಅದು. ಚಿತ್ರ ನೋಡುವುದಕ್ಕೆ ಆ ಪುಸ್ತಕ ತೆರೆದರೆ ಯಾರೂ ಯಾರ ಚಿತ್ರವನ್ನೂ ನೋಡುವುದಿಲ್ಲ. ಬರೀ ಬಾಕಿ ತೀರಿಸುತ್ತಾರೆ.

ಮಾತು ಬರೆದವರಿಗೆ

ಈಗ ಮುಖ್ಯವಾದ ಜಾಗಕ್ಕೆ ಬಂದೆವು. ಒಬ್ಬರು ನಿಮ್ಮ ಚಿತ್ರದ ಕೆಳಗೆ ಏನೋ ಬರೆದಿದ್ದಾರೆ. ಏನು ಹೇಳಬೇಕು?

ನಮ್ಮ ಮನೆಗಳಲ್ಲಿ ಸಾರು ಚೆನ್ನಾಗಿದೆ ಅಂದರೆ ಅಮ್ಮ ‘ಧನ್ಯವಾದಗಳು’ ಅನ್ನುವುದಿಲ್ಲ. ‘ಇನ್ನೊಂದು ಸೌಟು ಹಾಕಲಾ?’ ಅನ್ನುತ್ತಾಳೆ. ಮೆಚ್ಚಿದವರಿಗೆ ಅದನ್ನೇ ಇನ್ನೂ ಸ್ವಲ್ಪ ಬಡಿಸುವುದು ನಮ್ಮ ಕಡೆಯ ಥ್ಯಾಂಕ್ಸ್. ಕಾಮೆಂಟ್‌ಗೆ ಉತ್ತರ ಬರೆಯುವಾಗ ನಾನು ಇದನ್ನೇ ಮಾಡುತ್ತೇನೆ. ಚಿತ್ರದಲ್ಲಿ ಇರುವ, ಆದರೆ ನಾನು ಇನ್ನೂ ಹೇಳದೇ ಇರುವ ಒಂದು ಚಿಕ್ಕ ವಿಷಯವನ್ನು ಅವರ ತಟ್ಟೆಗೆ ಹಾಕುತ್ತೇನೆ.

ಒಂದು ಉದಾಹರಣೆ ಕೊಡುತ್ತೇನೆ. ಸಾಗರದ ಕಡೆಯ ಒಂದು ಹಂಚಿನ ಮನೆಯ ಜಗಲಿಯನ್ನು ನಾನು ಜಲವರ್ಣದಲ್ಲಿ ಬಿಡಿಸಿ ಹಾಕಿದ್ದೆ. ಹಿಂದೆ ಕೆಮ್ಮಣ್ಣು ಬಳಿದ ಗೋಡೆ, ಗೋಡೆಯ ಮೇಲೆ ಹಸೆ ಚಿತ್ತಾರ, ಮೂಲೆಯಲ್ಲಿ ನೆಲಕ್ಕೆ ಹೂತ ಒರಳುಕಲ್ಲು. ‘ಸೂಪರ್’ ಅಂತ ತುಂಬಾ ಜನ ಬರೆದರು. ಹೊರದೇಶದಲ್ಲಿರುವ ಒಬ್ಬ ಮಹಿಳೆ ಮಾತ್ರ ಹೀಗೆ ಬರೆದರು: ‘ಆ ಒರಳುಕಲ್ಲಿನ ಪಕ್ಕ ಗೋಡೆ ಸವೆದಿದೆಯಲ್ಲ, ಅಲ್ಲೇ ನಮ್ಮಜ್ಜಿ ಬೆನ್ನು ಒರಗಿಸಿಕೊಂಡು ಕೂರುತ್ತಿದ್ದರು.’

ಇದಕ್ಕೆ ‘ಥ್ಯಾಂಕ್ಯೂ ಸೋ ಮಚ್ ಮೇಡಂ’ ಅಂತ ಎರಡು ಕೈಮುಗಿಯುವ ಇಮೋಜಿ ಹಾಕಿದರೆ ಏನಾಗುತ್ತದೆ ನೋಡಿ. ಅವರು ಅಜ್ಜಿಯನ್ನು ಕರೆದುಕೊಂಡು ಬಂದರು, ನಾವು ಬಾಗಿಲಲ್ಲೇ ಕೈಮುಗಿದು ಕಳಿಸಿಬಿಟ್ಟ ಹಾಗಾಗುತ್ತದೆ. ನಾನು ಬರೆಯಬೇಕಾಗಿದ್ದ ಉತ್ತರ ಇಂಥದ್ದು: ‘ಆ ಸವೆದ ಜಾಗವನ್ನು ಯಾರಾದರೂ ನೋಡುತ್ತಾರಾ ಅಂತ ಕಾಯುತ್ತಿದ್ದೆ. ಅಲ್ಲಿ ಕೆಮ್ಮಣ್ಣಿನ ಬಣ್ಣ ಹಾಕಿ, ಒಣಗುವ ಮೊದಲೇ ಒದ್ದೆ ಬಟ್ಟೆಯಿಂದ ಒತ್ತಿ ತೆಗೆದೆ. ನಿಮ್ಮಜ್ಜಿ ಅಲ್ಲಿ ಕೂತು ಏನು ಮಾಡುತ್ತಿದ್ದರು?’ ಬರೆಯಬೇಕಾಗಿದ್ದ ಅಂದೆ, ಯಾಕೆಂದರೆ ಆಗ ಕೆಲಸದ ಒತ್ತಡದಲ್ಲಿ ಆ ಕಾಮೆಂಟ್ ನನ್ನ ಕಣ್ಣು ತಪ್ಪಿಹೋಯಿತು. ಅದರ ಕಥೆಗೆ ಆಮೇಲೆ ಬರುತ್ತೇನೆ.

ಉತ್ತರದಲ್ಲಿ ಏನೇನಿದೆ ಅಂತ ಗಮನಿಸಿ. ಅವರು ನೋಡಿದ್ದನ್ನು ನಾನೂ ಕಂಡೆ ಅಂತ ಮೊದಲು ಹೇಳಿದೆ. ಆಮೇಲೆ ಒಂದು ಸೌಟು ಜಾಸ್ತಿ ಹಾಕಿದೆ, ಅಂದರೆ ಆ ಸವೆತವನ್ನು ಹೇಗೆ ಮಾಡಿದೆ ಅನ್ನುವುದು. ಕೊನೆಗೆ ಅವರಿಗೆ ಇಷ್ಟವಿದ್ದರೆ ಮಾತಾಡಲಿ ಅಂತ ಒಂದು ಪ್ರಶ್ನೆ. ‘ಧನ್ಯವಾದ’ ಅನ್ನುವ ಪದ ಎಲ್ಲೂ ಇಲ್ಲ. ಆದರೂ ಅದನ್ನು ಓದಿದ ಯಾರಿಗೂ ಇವರು ಥ್ಯಾಂಕ್ಸ್ ಹೇಳಲಿಲ್ಲ ಅಂತ ಅನ್ನಿಸುವುದಿಲ್ಲ.

ಎಲ್ಲ ಕಾಮೆಂಟ್‌ಗೂ ಇಷ್ಟು ಬೇಡ. ‘ಸಖತ್’, ‘ಸೂಪರ್ ಗುರು’, ಒಂದು ಬೆಂಕಿ ಇಮೋಜಿ, ಇವಕ್ಕೆ ಇನ್‌ಸ್ಟಾಗ್ರಾಮ್‌ನಲ್ಲಿ ಒಂದು ಹೃದಯ ಒತ್ತಿದರೆ ಸಾಕು. ಪಿಕ್ಸಿವ್‌ನಲ್ಲಾದರೆ ಸ್ಟ್ಯಾಂಪ್ ಅಂತ ಚಿಕ್ಕ ಚಿತ್ರಗಳಿವೆ, ಅದರಲ್ಲೊಂದು ಹಾಕಬಹುದು. ಒಂದು ಪದಕ್ಕೆ ಒಂದು ಪದ, ಒಂದು ಸಾಲಿಗೆ ಒಂದು ಸಾಲು. ಯಾರಾದರೂ ಒಂದು ಪ್ಯಾರಾ ಬರೆದಿದ್ದರೆ ಕೂತು ಬರೆಯಿರಿ. ಅವರ ಹತ್ತು ನಿಮಿಷಕ್ಕೆ ನಿಮ್ಮ ಹತ್ತು ಸೆಕೆಂಡ್ ಸರಿಹೊಂದುವುದಿಲ್ಲ.

ಪ್ರಶ್ನೆ ಇರುವ ಕಾಮೆಂಟ್‌ಗೆ ಮೊದಲು ಉತ್ತರ ಕೊಡಿ. ‘ಯಾವ ಪೇಪರ್?’, ‘ಯಾವ ಬ್ರಷ್?’ ಅಂತ ಕೇಳಿದವರಿಗೆ ‘ಥ್ಯಾಂಕ್ಸ್’ ಅಂತ ಬರೆದು ಬಿಡುವವರನ್ನು ನೋಡಿದ್ದೇನೆ. ಕೇಳಿದವರು ಎಷ್ಟು ಚಿಕ್ಕವರಾಗಿಬಿಡುತ್ತಾರೆ ಪಾಪ. ಇನ್ನೊಂದು ಮಾತು. ಹೊಗಳಿದವರ ಎದುರು ನಿಮ್ಮ ಚಿತ್ರವನ್ನು ನೀವೇ ಹಳಿದುಕೊಳ್ಳಬೇಡಿ. ‘ಅಯ್ಯೋ, ಏನೂ ಚೆನ್ನಾಗಿಲ್ಲ, ಕೈ ಎಲ್ಲ ವಕ್ರವಾಗಿದೆ’ ಅಂದರೆ ಅದು ವಿನಯದ ಹಾಗೆ ಕಾಣುತ್ತದೆ. ಆದರೆ ಮೆಚ್ಚಿದವರ ಕಣ್ಣು ಸರಿಯಿಲ್ಲ ಅಂದ ಹಾಗಾಗುತ್ತದೆ. ‘ನಿಮಗೆ ಹಿಡಿಸಿತಲ್ಲ, ಖುಷಿ ಆಯ್ತು’ ಅನ್ನಿ. ಅದರಲ್ಲಿ ಜಂಬವೂ ಇಲ್ಲ, ಸುಳ್ಳೂ ಇಲ್ಲ.

ಅಣ್ಣ, ಅಕ್ಕ, ಗುರು

ಕನ್ನಡದಲ್ಲಿ ಉತ್ತರ ಬರೆಯುವಾಗ ಬೇರೆಯೇ ಒಂದು ತೊಡಕು ಇದೆ. ಇಂಗ್ಲಿಷಿನಲ್ಲಿ ‘ಯೂ’ ಅಂದರೆ ಮುಗಿಯಿತು. ನಮಗೆ ನೀನು ಬೇಕಾ ನೀವು ಬೇಕಾ, ಅಣ್ಣನಾ ತಮ್ಮನಾ, ಮೊದಲು ಅದನ್ನು ತೀರ್ಮಾನಿಸಬೇಕು. ಎದುರಿಗಿರುವವರ ಮುಖ ಗೊತ್ತಿಲ್ಲ. ಫೋಟೋ ಇರುವ ಜಾಗದಲ್ಲಿ ಒಂದು ಬೆಕ್ಕು ಇರುತ್ತದೆ.

ಯಾವಾಗಲೂ ‘ನೀವು’ ಅನ್ನಿ. ಅವರು ನಿಮ್ಮನ್ನು ‘ಅಣ್ಣಾ’ ಅಂದರು ಅಂತ ನೀವು ತಕ್ಷಣ ‘ತಮ್ಮಾ’ ಅನ್ನಬೇಡಿ. ಅವರಿಗೆ ನಿಮಗಿಂತ ಹತ್ತು ವರ್ಷ ಜಾಸ್ತಿ ಆಗಿರಬಹುದು. ಬೆಂಗಳೂರಿನ ಕಡೆ ಅಂಗಡಿಯವರಿಂದ ಹಿಡಿದು ಆಟೋದವರವರೆಗೆ ಎಲ್ಲರೂ ಅಣ್ಣನೇ. ‘ಗುರು’ ಅಂದವರಿಗೆ ‘ಗುರು’ ಅಂತಲೇ ಹೇಳಬಹುದು, ಅದು ಇಬ್ಬರಿಗೂ ಸಮ. ‘ಮಗಾ’ ಅಂತ ಮಾತ್ರ ನಿಮಗೆ ನಿಜವಾಗಿ ಪರಿಚಯ ಇಲ್ಲದವರಿಗೆ ಹೇಳಬೇಡಿ. ಸರ್, ಮೇಡಂ ಅಂದವರಿಗೆ ಹೆಸರಿನ ಜೊತೆ ‘ಅವರೇ’ ಸೇರಿಸಿ ಬರೆದರೆ ಹಗುರವೂ ಆಗುತ್ತದೆ, ಮರ್ಯಾದೆಯೂ ಉಳಿಯುತ್ತದೆ. ಹೆಸರಿನಿಂದ ಗಂಡೋ ಹೆಣ್ಣೋ ಗೊತ್ತಾಗದಿದ್ದರೆ ಊಹಿಸಿ ಅಕ್ಕ, ಅಣ್ಣ ಅಂತ ಕರೆಯುವುದಕ್ಕಿಂತ ಬರೀ ಹೆಸರಿಟ್ಟು ‘ನೀವು’ ಅನ್ನುವುದೇ ಒಳ್ಳೆಯದು.

ಪದದ ವಿಷಯ: ‘ಧನ್ಯವಾದಗಳು’ ವೇದಿಕೆಯ ಮಾತು. ವಂದನಾರ್ಪಣೆಯ ವಾಸನೆ ಬರುತ್ತದೆ. ಚಿತ್ರ ಕೊಂಡವರಿಗೆ, ಹಿರಿಯ ಕಲಾವಿದರಿಗೆ ಬರೆಯುವಾಗ ಚೆನ್ನಾಗಿ ಹೊಂದುತ್ತದೆ. ಉಳಿದಂತೆ ‘ಥ್ಯಾಂಕ್ಸ್’ ಎನ್ನುವುದು ಕನ್ನಡವೇ ಆಗಿಹೋಗಿದೆ. ‘ಖುಷಿ ಆಯ್ತು’, ‘ನಿಮ್ಮ ಮಾತಿನಿಂದ ಇವತ್ತು ಕೂತು ಬಿಡಿಸೋಣ ಅನ್ನಿಸಿತು’ ಇವು ಅದಕ್ಕಿಂತಲೂ ಹತ್ತಿರದ ಮಾತುಗಳು. ಇಂಗ್ಲಿಷಿನಲ್ಲಿ ಬರೆದವರಿಗೆ ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಬರೆದವರಿಗೆ ಕನ್ನಡದಲ್ಲಿ ಉತ್ತರಿಸಿ. ಇಂಗ್ಲಿಷ್ ಕಾಮೆಂಟ್‌ಗಳ ನಡುವೆ ಒಬ್ಬರು ಧೈರ್ಯ ಮಾಡಿ ಕನ್ನಡದಲ್ಲಿ ಬರೆದಿದ್ದರೆ, ಅವರಿಗೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ ಮುಂದಿನ ಸಲ ಅವರು ಬರೆಯುವುದಿಲ್ಲ.

ಹೊಗಳಿಕೆ ನಿಮ್ಮೊಬ್ಬರದೇ ಅಲ್ಲದಾಗ

ಆ ಜಗಲಿಯ ಚಿತ್ರಕ್ಕೆ ‘ಗೋಡೆ ಮೇಲಿನ ನಿಮ್ಮ ಡಿಸೈನ್ ಅದ್ಭುತ’ ಅಂತ ಕೆಲವರು ಬರೆದರು. ಅದು ನನ್ನ ಡಿಸೈನ್ ಅಲ್ಲ. ಹಸೆ ಚಿತ್ತಾರ ಮಲೆನಾಡಿನ ದೀವರ ಹೆಣ್ಣುಮಕ್ಕಳ ಕಲೆ. ಪುಂಡಿ ನಾರಿನ ಕುಂಚದಿಂದ, ಅಕ್ಕಿಯ ಬಿಳಿಯಿಂದ, ಮದುವೆ ಮನೆಯ ಕೆಂಪು ಗೋಡೆಯ ಮೇಲೆ ಅವರು ಎಳೆದ ಗೆರೆಗಳನ್ನು ನಾನು ನೋಡಿ ಬಿಡಿಸಿದ್ದೆ ಅಷ್ಟೇ. ಇಂಥ ಕಡೆ ಬರೀ ಥ್ಯಾಂಕ್ಸ್ ಅಂದು ಸುಮ್ಮನಾದರೆ ಬೇರೆಯವರ ಹೊಗಳಿಕೆಯನ್ನು ಜೇಬಿಗೆ ಹಾಕಿಕೊಂಡ ಹಾಗೆ.

ಆದ್ದರಿಂದ ಹೊಗಳಿಕೆಯನ್ನು ಅದು ಸೇರಬೇಕಾದವರ ಕಡೆ ದಾಟಿಸಿ. ‘ಗೆರೆ ಅವರದ್ದು, ಬಣ್ಣ ನನ್ನದು’ ಅಂತ ನಾನು ಬರೆಯುತ್ತೇನೆ. ಯಾರ ಮನೆಯಲ್ಲಿ ನೋಡಿದೆನೋ ಅವರು ಒಪ್ಪಿದರೆ ಅವರ ಹೆಸರನ್ನೂ ಹಾಕುತ್ತೇನೆ. ಮೈಸೂರು ಶೈಲಿ, ಕಿನ್ನಾಳದ ಗೊಂಬೆ, ತೊಗಲುಗೊಂಬೆಯ ಆಕಾರ, ಕಾವಿ ಕಲೆ, ಯಾವುದನ್ನು ನೋಡಿ ಬಿಡಿಸಿದರೂ ಹೀಗೇ. ಫೋಟೋ ನೋಡಿ ಬಿಡಿಸಿದ್ದರೆ ಫೋಟೋ ತೆಗೆದವರ ಹೆಸರು ಕೂಡ ಅಲ್ಲಿರಬೇಕು.

ನಿಮ್ಮ ಚಿತ್ರ ನೋಡಿ ಅವರೂ ಬಿಡಿಸಿದರೆ

ಒಬ್ಬ ಚಿತ್ರಕಾರನಿಗೆ ಸಿಗಬಹುದಾದ ಅತಿ ದೊಡ್ಡ ಉಡುಗೊರೆ ಇದು. ನೀವು ಹುಟ್ಟಿಸಿದ ಒಂದು ಪಾತ್ರವನ್ನು ಯಾರೋ ತಮ್ಮ ಕೈಯಿಂದ ಬಿಡಿಸಿ ಕಳಿಸುತ್ತಾರೆ. ಹೆಚ್ಚಾಗಿ ಅವರು ಚಿಕ್ಕ ವಯಸ್ಸಿನವರು. ಹೆದರಿಕೊಂಡೇ ಕಳಿಸಿರುತ್ತಾರೆ.

ಅದೇ ದಿನ ಉತ್ತರ ಕೊಡಿ. ಬೇರೆಲ್ಲ ತಡವಾಗಬಹುದು, ಇದು ಆಗಬಾರದು. ಆ ಚಿತ್ರದಲ್ಲಿ ನಿಮ್ಮ ಪಾತ್ರ ನಿಮ್ಮದಕ್ಕಿಂತ ಬೇರೆಯಾಗಿ ಕಾಣುವ ಜಾಗ ಯಾವುದು ಅಂತ ಹುಡುಕಿ, ಅದನ್ನೇ ಮೆಚ್ಚಿಕೊಳ್ಳಿ. ‘ನಾನು ಯಾವತ್ತೂ ಇವಳನ್ನು ನಗಿಸಿಯೇ ಇರಲಿಲ್ಲ, ನೀವು ನಗಿಸಿದ್ದೀರಿ.’ ಅವರಾಗಿ ಕೇಳದೆ ತಪ್ಪು ತಿದ್ದಬೇಡಿ. ಜಡೆ ಎಡಕ್ಕಿರಬೇಕಿತ್ತು, ಬಲಕ್ಕೆ ಬಂದಿದೆ ಅಂತ ಹೇಳಬೇಡಿ.

ಆಮೇಲೆ ಅವರ ಒಪ್ಪಿಗೆ ಕೇಳಿ, ಅವರ ಹೆಸರು ಹಾಕಿ ನಿಮ್ಮ ಪುಟದಲ್ಲಿ ತೋರಿಸಿ. ಇನ್‌ಸ್ಟಾಗ್ರಾಮ್ ಸ್ಟೋರಿ 24 ಗಂಟೆಯಲ್ಲಿ ಮಾಯವಾಗುತ್ತದೆ. ಅದನ್ನು ಹೈಲೈಟ್‌ನಲ್ಲಿ ಉಳಿಸಿಡಿ. ಡೀವಿಯಂಟ್‌ಆರ್ಟ್‌ನಲ್ಲಿ ಒಂದು ಒಳ್ಳೆಯ ಹಳೆಯ ಪದ್ಧತಿ ಇದೆ. ತಮ್ಮನ್ನು ನೋಡುತ್ತಾ ಬಂದವರ ಐದೋ ಹತ್ತೋ ಚಿತ್ರಗಳನ್ನು ಆಯ್ದು, ಒಂದು ಜರ್ನಲ್ (ತಮ್ಮ ಪುಟದಲ್ಲಿ ಹಾಕುವ ಬರಹ) ಬರೆದು, ಪ್ರತಿಯೊಂದರ ಬಗ್ಗೆ ಎರಡೆರಡು ಸಾಲು ಹೇಳುವುದು. ಫೀಚರ್ ಅಂತ ಅದಕ್ಕೆ ಹೆಸರು. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಥ್ಯಾಂಕ್ಸ್ ಇಲ್ಲ. ನಿಮ್ಮ ಮನೆಗೆ ಬಂದ ನೋಡುಗರನ್ನು ನೀವೇ ಕೈಹಿಡಿದು ಅವರ ಮನೆಗೆ ಕರೆದುಕೊಂಡು ಹೋಗುತ್ತೀರಿ.

ಕಳಿಸಿದವರು ಶಾಲೆಗೆ ಹೋಗುವ ಮಕ್ಕಳು ಅನ್ನಿಸಿದರೆ ಮಾತೆಲ್ಲ ಎಲ್ಲರಿಗೂ ಕಾಣುವ ಕಡೆಯೇ ಇರಲಿ. ಇನ್‌ಬಾಕ್ಸ್ ಬೇಡ, ಫೋನ್ ನಂಬರ್ ಬೇಡ, ವಿಳಾಸ ಕೇಳುವುದು ಬೇಡ. ಬಹುಮಾನ ಕಳಿಸಬೇಕೆಂದಿದ್ದರೆ ಅವರ ಅಪ್ಪ ಅಮ್ಮನ ಜೊತೆ ಮಾತಾಡಿ.

ದುಡ್ಡು ಕೊಟ್ಟವರಿಗೆ

ಕಮಿಷನ್ ಕೊಟ್ಟವರಿಗೆ, ಅಂದರೆ ದುಡ್ಡು ಕೊಟ್ಟು ಚಿತ್ರ ಬಿಡಿಸಿಕೊಂಡವರಿಗೆ, ಪ್ರಿಂಟ್ ಕೊಂಡವರಿಗೆ ಮೊದಲ ಥ್ಯಾಂಕ್ಸ್ ಎಂದರೆ ಹೇಳಿದ ದಿನಕ್ಕೆ ಕೊಡುವುದು. ತಡವಾದರೆ ಅವರು ಕೇಳುವ ಮೊದಲೇ ನೀವು ಹೇಳುವುದು. ಇದು ಆಗದಿದ್ದರೆ ಮಿಕ್ಕ ಯಾವ ಸಿಹಿ ಮಾತಿಗೂ ಬೆಲೆ ಇಲ್ಲ.

ಪಾರ್ಸೆಲ್ ಒಳಗೆ ಒಂದು ಚಿಕ್ಕ ಕಾರ್ಡ್ ಇಡಿ. ಕೈಬರಹದಲ್ಲಿ ಎರಡು ಸಾಲು ಸಾಕು. ನಾನು ಕಾರ್ಡಿನ ಹಿಂದೆ ಪೆನ್ಸಿಲ್‌ನಲ್ಲಿ ಒಂದು ಎಲೆಯನ್ನೋ ಹಕ್ಕಿಯನ್ನೋ ಬಿಡಿಸುತ್ತೇನೆ. ಐದು ನಿಮಿಷದ ಕೆಲಸ. ಚಿತ್ರಕ್ಕೆ ಹಾಕಿಸಿದ ಫ್ರೇಮಿನ ಮೂಲೆಯಲ್ಲಿ ಆ ಕಾರ್ಡನ್ನೂ ಸಿಕ್ಕಿಸಿಟ್ಟಿರುವ ಫೋಟೋ ಒಬ್ಬರು ಕಳಿಸಿದ್ದರು.

ಒಂದು ಎಚ್ಚರಿಕೆ. ಖುಷಿಯಲ್ಲಿ ಪಾರ್ಸೆಲ್‌ನ ಫೋಟೋ ಹಾಕುವಾಗ ವಿಳಾಸ ಕಾಣುತ್ತಿರುತ್ತದೆ. ‘ಮೊದಲ ಆರ್ಡರ್!’ ಅಂತ ಹಾಕಿದ ಯುಪಿಐ ಸ್ಕ್ರೀನ್‌ಶಾಟ್‌ನಲ್ಲಿ ಕೊಂಡವರ ಹೆಸರು, ಐಡಿ ಎರಡೂ ಇರುತ್ತವೆ. ನಿಮ್ಮ ಕೃತಜ್ಞತೆಗೆ ಅವರ ಗುಟ್ಟು ಬಯಲಾಗಬಾರದು. ಕೊಂಡವರ ಹೆಸರು ಹೇಳಬೇಕೆಂದರೆ ಅವರನ್ನೇ ಕೇಳಿ. ಯಾರಿಗೋ ಉಡುಗೊರೆ ಕೊಡಲು ತೆಗೆದುಕೊಂಡಿರಬಹುದು.

ತಪ್ಪು ತೋರಿಸಿದವರಿಗೆ

ಅವರು ಹೇಳಿದ್ದು ಸರಿ ಇದ್ದರೆ ‘ಹೌದು, ನೆರಳು ಉಲ್ಟಾ ಬಿದ್ದಿದೆ, ಮುಂದಿನದರಲ್ಲಿ ನೋಡಿಕೊಳ್ಳುತ್ತೇನೆ’ ಅನ್ನಿ. ಮುಂದಿನದರಲ್ಲಿ ನಿಜವಾಗಿಯೂ ನೋಡಿಕೊಳ್ಳಿ. ಒಪ್ಪಿಗೆಯಾಗದಿದ್ದರೆ ‘ಗಮನಿಸಿ ಹೇಳಿದಿರಿ, ಥ್ಯಾಂಕ್ಸ್’ ಅಂದರೆ ಸಾಕು, ವಾದ ಬೇಡ.

ಥ್ಯಾಂಕ್ಸ್ ಬೇಡದ ಕಡೆ

ಚಿತ್ರ ಹಾಕಿದ ಎರಡೇ ನಿಮಿಷಕ್ಕೆ ‘ವಾವ್, ಪ್ರಮೋಟ್ ಮಾಡುತ್ತೇವೆ, ಈ ಪುಟಕ್ಕೆ ಮೆಸೇಜ್ ಮಾಡಿ’ ಅಂತ ಬರುತ್ತದೆ. ‘ನಿಮ್ಮ ಚಿತ್ರವನ್ನು ಎನ್‌ಎಫ್‌ಟಿ (ಆನ್‌ಲೈನ್‌ನಲ್ಲಿ ಕೊಂಡು ಮಾರುವ ಡಿಜಿಟಲ್ ಒಡೆತನದ ಗುರುತು) ಆಗಿ ದೊಡ್ಡ ಬೆಲೆಗೆ ಕೊಳ್ಳುತ್ತೇನೆ’ ಅಂತ ಇನ್‌ಬಾಕ್ಸ್‌ಗೆ ಬರುತ್ತದೆ. ಹೊಸಬರು ಇವರಿಗೂ ಕೈಮುಗಿದು ಉತ್ತರ ಕೊಡುತ್ತಾರೆ. ಕೊಡಬೇಡಿ. ಮೊದಲು ಇಷ್ಟು ದುಡ್ಡು ಕಟ್ಟಿ ಅಂತಲೋ, ಈ ಲಿಂಕ್ ಒತ್ತಿ ಅಂತಲೋ ಆ ಮಾತು ಮುಂದುವರಿಯುತ್ತದೆ. ಅಳಿಸಿ, ಬ್ಲಾಕ್ ಮಾಡಿ.

ಹೆಣ್ಣುಮಕ್ಕಳಿಗೆ ಒಂದು ಮಾತು. ಚಿತ್ರದ ಬಗ್ಗೆ ಒಂದು ಅಕ್ಷರವೂ ಇಲ್ಲದೆ ನಿಮ್ಮ ಬಗ್ಗೆಯೇ ಬರೆಯುವವರಿಗೆ ನೀವು ಥ್ಯಾಂಕ್ಸ್ ಹೇಳಬೇಕಾಗಿಲ್ಲ. ‘ಅಷ್ಟು ಹೊಗಳಿದೆ, ಒಂದು ರಿಪ್ಲೈ ಇಲ್ವಾ’ ಅಂದರೂ ಬೇಕಾಗಿಲ್ಲ. ಹೊಗಳಿದ ಮಾತ್ರಕ್ಕೆ ಉತ್ತರ ಅವರ ಹಕ್ಕಾಗುವುದಿಲ್ಲ.

ಇನ್ನು, ನಿಮ್ಮ ಹೆಸರು ತೆಗೆದು ನಿಮ್ಮ ಚಿತ್ರವನ್ನು ಬೇರೆ ಪುಟದವರು ಹಾಕಿಕೊಂಡಿದ್ದರೆ? ಬಹಳ ಸಲ ಅದು ಅಭಿಮಾನದಿಂದಲೇ ಆಗಿರುತ್ತದೆ. ‘ನನ್ನ ಚಿತ್ರ ಇಷ್ಟಪಟ್ಟು ಹಾಕಿದ್ದೀರಿ, ಖುಷಿ. ನನ್ನ ಹೆಸರು ಸೇರಿಸುತ್ತೀರಾ?’ ಅಂತ ಮೊದಲ ಸಲ ಮೃದುವಾಗಿ ಕೇಳಿ. ಸೇರಿಸಿದರೆ ಥ್ಯಾಂಕ್ಸ್ ಹೇಳಿ. ಸೇರಿಸದಿದ್ದರೆ ರಿಪೋರ್ಟ್ ಮಾಡಲು ಹಿಂಜರಿಯಬೇಡಿ. ‘ನನ್ನ ಫೋಟೋನೂ ಬಿಡಿಸಿಕೊಡಿ’ ಅಂತ ಪುಕ್ಕಟೆ ಕೇಳುವವರಿಗೂ ಹೀಗೇ ನೇರವಾಗಿ, ಕೋಪ ಇಲ್ಲದೆ ಹೇಳಬಹುದು: ‘ಕೇಳಿದ್ದಕ್ಕೆ ಖುಷಿ. ನಾನು ದುಡ್ಡಿಗೆ ಬಿಡಿಸಿಕೊಡುತ್ತೇನೆ, ದರದ ಪಟ್ಟಿ ನನ್ನ ಪುಟದಲ್ಲಿದೆ.’

ಸಾವಿರ ಮಂದಿ ಆದಾಗ

ಫಾಲೋ ಮಾಡುವವರು ಐನೂರು, ಸಾವಿರ ದಾಟಿದಾಗ ಎಲ್ಲರಿಗೂ ಏನಾದರೂ ಕೊಡಬೇಕು ಅನ್ನಿಸುತ್ತದೆ. ಆ ಉತ್ಸಾಹದಲ್ಲಿ ‘ಕಾಮೆಂಟ್ ಮಾಡಿದ ಎಲ್ಲರಿಗೂ ಸ್ಕೆಚ್’ ಅಂತ ಹೇಳಿಬಿಡಬೇಡಿ. ಮೂರು ಜನರಿಗೆ ಅಂತ ಹೇಳಿ, ಚೀಟಿ ಎತ್ತಿ, ಆ ಮೂರನ್ನೂ ತಿಂಗಳೊಳಗೆ ಮುಗಿಸಿ. ಅರ್ಧಕ್ಕೆ ನಿಂತ ಮೂವತ್ತಕ್ಕಿಂತ ಮುಗಿದ ಮೂರು ಮೇಲು. ಇನ್‌ಸ್ಟಾಗ್ರಾಮ್‌ನಲ್ಲಿ ಬಹುಮಾನ ಇಡುವುದಾದರೆ ಇದಕ್ಕೂ ಇನ್‌ಸ್ಟಾಗ್ರಾಮ್‌ಗೂ ಸಂಬಂಧವಿಲ್ಲ ಅಂತ ಬರೆಯಬೇಕು, ಫೋಟೋದಲ್ಲಿ ಇಲ್ಲದವರನ್ನು ಟ್ಯಾಗ್ ಮಾಡಿ ಅಂತ ಹೇಳುವ ಹಾಗಿಲ್ಲ. ಅದು ಅವರ ನಿಯಮ.

ಎಲ್ಲರಿಗೂ ಕೊಡಬೇಕು ಅನ್ನುವ ಆಸೆ ಇದ್ದರೆ ಒಂದು ಫೋನ್ ವಾಲ್‌ಪೇಪರ್ ಮಾಡಿ ಉಚಿತವಾಗಿ ಹಾಕಿ. ಇಲ್ಲವೇ ಆ ಚಿತ್ರ ಹೇಗೆ ಬಂತು ಅಂತ ಮೊದಲ ಪೆನ್ಸಿಲ್ ಗೆರೆಯಿಂದ ತೋರಿಸಿ. ಇದೂ ಆ ಇನ್ನೊಂದು ಸೌಟೇ.

ಹಳೆಯ ಬಾಕಿ

ಪರೀಕ್ಷೆ, ಕೆಲಸ, ಮನೆಯಲ್ಲಿ ಯಾರಿಗೋ ಹುಷಾರಿಲ್ಲ. ಕಾಮೆಂಟ್‌ಗಳು ನೂರಾಗಿಬಿಡುತ್ತವೆ. ಆಮೇಲೆ ನೋಡಲೇ ಭಯ. ಎಲ್ಲಕ್ಕೂ ಉತ್ತರ ಕೊಡಲು ಹೋಗಬೇಡಿ. ‘ಇಷ್ಟು ದಿನ ಇರಲಿಲ್ಲ, ಎಲ್ಲವನ್ನೂ ಓದಿದೆ’ ಅಂತ ಒಂದು ಮಾತು ಬರೆದು ಮೇಲೆ ಪಿನ್ ಮಾಡಿ. ಆಮೇಲೆ ದಿನಕ್ಕೆ ಇಪ್ಪತ್ತು ನಿಮಿಷ ಇಟ್ಟುಕೊಂಡು, ಉದ್ದವಾಗಿ ಬರೆದವರಿಗೆ, ಪ್ರಶ್ನೆ ಕೇಳಿದವರಿಗೆ ಮಾತ್ರ ಒಬ್ಬೊಬ್ಬರಾಗಿ ಉತ್ತರ ಕೊಡಿ. ತಡವಾಯಿತು ಅಂತ ಬಿಟ್ಟುಬಿಡಬೇಡಿ.

ಆ ಜಗಲಿಯ ಚಿತ್ರಕ್ಕೆ ಬಂದಿದ್ದ ಅಜ್ಜಿಯ ಮಾತನ್ನು ನಾನು ನೋಡಿದ್ದು ಎಂಟು ತಿಂಗಳ ನಂತರ. ‘ತುಂಬಾ ತಡವಾಗಿ ನೋಡುತ್ತಿದ್ದೇನೆ, ಕ್ಷಮಿಸಿ’ ಅಂತ ಶುರು ಮಾಡಿ, ಮೇಲೆ ಹೇಳಿದ ಉತ್ತರವನ್ನೇ ಬರೆದೆ. ಅದೇ ರಾತ್ರಿ ಅವರಿಂದ ಒಂದು ಹಳೆಯ ಫೋಟೋ ಬಂತು. ಅಜ್ಜಿ ಗೋಡೆಗೆ ಒರಗಿ ಕೂತು ಹಲಸಿನ ಬೀಜ ಸುಲಿಯುತ್ತಿದ್ದಾರೆ. ಒರಳುಕಲ್ಲಿನ ಬಾಯಿಗೆ ಮುಚ್ಚಿದ ಮರದ ಹಲಗೆಯ ಮೇಲೆ ಬೀಜದ ರಾಶಿ. ಆ ಹಲಗೆ ನನ್ನ ಚಿತ್ರದಲ್ಲಿ ಇರಲಿಲ್ಲ. ಅದು ಇರುತ್ತದೆ ಅಂತಲೂ ನನಗೆ ಗೊತ್ತಿರಲಿಲ್ಲ. ಅವರ ಒಪ್ಪಿಗೆ ಕೇಳಿ ಆ ಜಗಲಿಯನ್ನು ಇನ್ನೊಮ್ಮೆ ಬಿಡಿಸಿದೆ, ಈ ಸಲ ಹಲಗೆ ಹಾಕಿ. ವಿವರಣೆಯ ಮೊದಲ ಸಾಲಿನಲ್ಲೇ ಅದನ್ನು ತೋರಿಸಿಕೊಟ್ಟವರು ಯಾರು ಅಂತ ಬರೆದಿದ್ದೇನೆ.